ಸಿಪ್ರೋಫ್ಲಾಕ್ಸಾಸಿನ್ ಹೋಗಿದ್ದೆಲ್ಲಿಗೆ? ಕೊಳಚೆ ನೀರಿನಲ್ಲಿ ಆಂಟಿಬಯೋಟಿಕ್ ಅಳೆದ ನನ್ನ ಅನುಭವ

ಕೊಳಚೆ ನೀರು ಶುದ್ಧೀಕರಣ ಘಟಕದ ಲ್ಯಾಬ್‌ನಲ್ಲಿ ಬಿಒಡಿ, ಸಿಒಡಿ (ನೀರಿನ ಕೊಳೆಯನ್ನು ಒಡೆಯಲು ಎಷ್ಟು ಆಮ್ಲಜನಕ ಬೇಕು ಅನ್ನುವ ಅಳತೆಗಳು) ದಿನನಿತ್ಯದ ಮಾತು. ಒಳಗೆ ಬರುವ ನೀರಿನ ಬಿಒಡಿ ಲೀಟರಿಗೆ 200–300 ಮಿಲಿಗ್ರಾಂ ಇದ್ದು, ಹೊರಗೆ ಹೋಗುವಾಗ 10ಕ್ಕೆ ಇಳಿದರೆ ಎಲ್ಲರಿಗೂ ನೆಮ್ಮದಿ. ಆಂಟಿಬಯೋಟಿಕ್ ಅಳೆಯೋಕೆ ಕೂತರೆ ಲೆಕ್ಕವೇ ಬೇರೆ. ಇಲ್ಲಿ ಮಾತು ನ್ಯಾನೋಗ್ರಾಂನಲ್ಲಿ. ಒಂದು ಮಿಲಿಗ್ರಾಂ ಅಂದ್ರೆ 10 ಲಕ್ಷ ನ್ಯಾನೋಗ್ರಾಂ.

ಇಷ್ಟು ಕಡಿಮೆ ಇರುವುದಕ್ಕೆ ಯಾಕಿಷ್ಟು ಒದ್ದಾಟ ಅಂತ ಬಹಳ ಜನ ಕೇಳುತ್ತಾರೆ. ಬ್ಯಾಕ್ಟೀರಿಯಾವನ್ನು ಕೊಲ್ಲುವುದಕ್ಕೆ ಈ ಪ್ರಮಾಣ ಸಾಲುವುದಿಲ್ಲ, ನಿಜ. ಆದರೆ ಕೊಲ್ಲದೆ ಸುಮ್ನೆ ಕಾಡುವಷ್ಟು ಇದ್ದರೂ ಸಾಕು, ಔಷಧಿಗೆ ಜಗ್ಗದ ತಳಿ ಉಳಿದವಕ್ಕಿಂತ ಸ್ವಲ್ಪ ಮುಂದೆ ಹೋಗುತ್ತದೆ. ಬೆಂಗ್ಟ್‌ಸನ್-ಪಾಲ್ಮೆ ಮತ್ತು ಲಾರ್ಸನ್ ಎಂಬ ಸಂಶೋಧಕರು 2016ರಲ್ಲಿ ಒಂದೊಂದು ಆಂಟಿಬಯೋಟಿಕ್‌ಗೂ ಇಂಥ ಒಂದು ಗಡಿಯನ್ನು ಅಂದಾಜು ಮಾಡಿದರು. ಸಿಪ್ರೋಫ್ಲಾಕ್ಸಾಸಿನ್‌ಗೆ ಅವರು ಹೇಳಿದ್ದು ಲೀಟರಿಗೆ 64 ನ್ಯಾನೋಗ್ರಾಂ. ಆ ಸಂಖ್ಯೆಯನ್ನು ನಾನು ಲ್ಯಾಬ್‌ನ ಬೋರ್ಡಿನಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಮೊದಲು ಗಮನ ಕೊಟ್ಟಿದ್ದು ಸ್ಯಾಂಪಲ್‌ಗೆ. ಯಂತ್ರ ಎಷ್ಟೇ ಒಳ್ಳೆಯದಿರಲಿ, ಬಾಟಲಿಗೆ ಬಂದ ನೀರು ಸರಿಯಿಲ್ಲದಿದ್ದರೆ ಮುಂದಿನದ್ದೆಲ್ಲ ದಂಡ. ಬೆಳಿಗ್ಗೆ ಜನ ಎದ್ದ ಹೊತ್ತಿಗೆ ಬರುವ ನೀರೇ ಬೇರೆ, ಮಧ್ಯರಾತ್ರಿಯದೇ ಬೇರೆ. ಹಾಗಾಗಿ ಒಂದು ಬಾಟಲಿ ಮುಳುಗಿಸಿ ತಂದರೆ ಆಗುವುದಿಲ್ಲ. 24 ಗಂಟೆಯ ಕಾಂಪೊಸಿಟ್, ಅಂದರೆ ದಿನವಿಡೀ ಆಗಾಗ ತೆಗೆದು ಒಟ್ಟುಗೂಡಿಸಿದ ಸ್ಯಾಂಪಲ್ ಬೇಕು, ಅದೂ ಹರಿವು ಜಾಸ್ತಿ ಇದ್ದಾಗ ಜಾಸ್ತಿ, ಕಡಿಮೆ ಇದ್ದಾಗ ಕಡಿಮೆ ತೆಗೆಯುವಂಥದ್ದು. ಒಳಗೆ ಬಂದ ನೀರು ಹೊರಗೆ ಹೋಗೋಕೆ ಹಲವು ಗಂಟೆ ಬೇಕು. ಅದಕ್ಕೇ ಔಟ್‌ಲೆಟ್‌ನ ಸ್ಯಾಂಪ್ಲರ್ ಅನ್ನು ಅಷ್ಟು ಹೊತ್ತು ತಡವಾಗಿ ಶುರು ಮಾಡುತ್ತೇನೆ.

ಇನ್ನೊಂದು ವಿಷಯ ಸುಲಭವಾಗಿ ಕಣ್ಣು ತಪ್ಪುತ್ತದೆ. ಶುದ್ಧೀಕರಣದಲ್ಲಿ ಉಳಿಯುವ ಕೆಸರನ್ನು ಹಿಂಡಿದಾಗ ಬರುವ ನೀರನ್ನು ಬಹಳ ಘಟಕಗಳಲ್ಲಿ ಮತ್ತೆ ತಲೆಭಾಗಕ್ಕೇ ಬಿಡುತ್ತಾರೆ. ಆ ಪೈಪ್ ಸೇರಿದ ಮೇಲೆ ಇನ್‌ಲೆಟ್ ಸ್ಯಾಂಪಲ್ ತೆಗೆದರೆ, ಒಮ್ಮೆ ಒಳಗೆ ಬಂದಿದ್ದನ್ನೇ ಎರಡನೇ ಸಲ ಎಣಿಸಿದಂತೆ. ಸ್ಯಾಂಪ್ಲರ್ ಆ ಪೈಪ್ ಸೇರುವ ಜಾಗಕ್ಕಿಂತ ಮೊದಲೇ ಇರಬೇಕು. ಡ್ರಾಯಿಂಗ್ ನೋಡಿ ನಂಬಬೇಡಿ, ನಡೆದು ಹೋಗಿ ಪೈಪನ್ನು ಕಣ್ಣಾರೆ ನೋಡಿ.

ಬಾಟಲಿ ಕಂದು ಗಾಜಿನದ್ದೇ ಆಗಬೇಕು. ಸಿಪ್ರೋಫ್ಲಾಕ್ಸಾಸಿನ್ ಬೆಳಕಿಗೆ ಒಡೆಯುತ್ತದೆ. ಕ್ಲೋರಿನ್ ಹಾಕಿದ ನೀರಾದರೆ ಬಾಟಲಿಯಲ್ಲಿ ಮೊದಲೇ ಸೋಡಿಯಂ ಥಯೋಸಲ್ಫೇಟ್ ಇರಲೇಬೇಕು. ಇಲ್ಲದಿದ್ದರೆ ಲ್ಯಾಬ್‌ಗೆ ಬರುವ ದಾರಿಯಲ್ಲೂ ಕ್ಲೋರಿನ್ ಕೆಲಸ ಮಾಡುತ್ತಲೇ ಇರುತ್ತದೆ, ಔಟ್‌ಲೆಟ್ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಐಸ್‌ನಲ್ಲಿ ತಂದು ಅವತ್ತೇ ಸೋಸಿಬಿಡುತ್ತೇನೆ.

ಆಮೇಲೆ ಕಾರ್ಟ್ರಿಡ್ಜ್ ಕೆಲಸ. ನೀರಿನಲ್ಲಿರುವ ಔಷಧಿಯನ್ನು ಹಿಡಿದಿಟ್ಟುಕೊಳ್ಳುವ ಪುಡಿ ತುಂಬಿದ ಸಣ್ಣ ಕೊಳವೆ ಅದು. ಸೋಸಿದ ನೀರಿಗೆ ಆಮ್ಲ ಹಾಕಿ ಪಿಎಚ್ ಇಳಿಸುತ್ತೇನೆ, ಸ್ವಲ್ಪ ಇಡಿಟಿಎ ಬೆರೆಸುತ್ತೇನೆ. ಟೆಟ್ರಾಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ ಕ್ಯಾಲ್ಸಿಯಂ, ಮೆಗ್ನೀಸಿಯಂ ಥರದ ಲೋಹಗಳನ್ನು ಹಿಡಿದುಕೊಂಡು ಬಿಡುವುದೇ ಇಲ್ಲ. ಇಡಿಟಿಎ ಆ ಲೋಹಗಳನ್ನು ತಾನು ಎಳೆದುಕೊಳ್ಳುತ್ತದೆ, ಔಷಧಿ ಬಿಡುಗಡೆಯಾಗುತ್ತದೆ. ಕಾರ್ಟ್ರಿಡ್ಜ್ ಅನ್ನು ಮೆಥನಾಲ್‌ನಿಂದ, ನಂತರ ನೀರಿನಿಂದ ನೆನೆಸಿ, ಸ್ಯಾಂಪಲ್ ಅನ್ನು ನಿಧಾನಕ್ಕೆ, ಹನಿಹನಿಯಾಗಿ ಬಿಡಬೇಕು. ಇನ್‌ಲೆಟ್ ನೀರು ಹೋಗುತ್ತಿದ್ದಂತೆ ಬಿಳಿ ಪುಡಿಯ ಮೇಲ್ಭಾಗ ಕಂದಾಗುತ್ತದೆ. ಆ ಕಂದು ಪಟ್ಟಿ ಕೆಳಗಿಳಿಯುವುದನ್ನು ನೋಡುತ್ತಿರುತ್ತೇನೆ. ಅದು ಜಾಸ್ತಿ ಕೆಳಗೆ ಬಂದರೆ ಕಾರ್ಟ್ರಿಡ್ಜ್‌ನಲ್ಲಿ ಬೇರೆ ಕೊಳೆಯೇ ತುಂಬಿದೆ, ಔಷಧಿಗೆ ಜಾಗ ಸಾಲುತ್ತಿಲ್ಲ ಅಂತ ಅರ್ಥ. ಅದಕ್ಕೇ ಇನ್‌ಲೆಟ್‌ಗೆ 100 ಮಿಲಿಲೀಟರ್ ಮಾತ್ರ ಬಿಡುತ್ತೇನೆ, ಔಟ್‌ಲೆಟ್‌ಗೆ 500. ಕೊನೆಗೆ ಮೆಥನಾಲ್ ಬಿಟ್ಟು ಹಿಡಿದಿದ್ದನ್ನು ಇಳಿಸಿ, ಒಣಗಿಸಿ, ವಸ್ತುಗಳನ್ನು ಬೇರ್ಪಡಿಸಿ ಅವುಗಳ ತೂಕದ ಮೇಲೆ ಗುರುತಿಸುವ ಎಲ್‌ಸಿ-ಎಂಎಸ್ ಯಂತ್ರಕ್ಕೆ ಕೊಡುವುದು.

ಆ ಯಂತ್ರದ ಸಂಖ್ಯೆಯನ್ನೂ ಹಾಗೇ ನಂಬುವಂತಿಲ್ಲ. ಇನ್‌ಲೆಟ್ ನೀರಿನ ಬೇರೆ ಸಾವಯವ ವಸ್ತುಗಳು ಔಷಧಿಯ ಸಿಗ್ನಲ್ ಅನ್ನು ಅದುಮಿಬಿಡುತ್ತವೆ. ಒಂದೇ ಪ್ರಮಾಣದ ಔಷಧಿ ಶುದ್ಧ ನೀರಿನಲ್ಲಿ ಒಂದು ಎತ್ತರ ತೋರಿಸಿದರೆ, ಕೊಳಚೆ ನೀರಿನಲ್ಲಿ ಅದರ ಅರ್ಧವೂ ಇಲ್ಲದಿರಬಹುದು. ಹಾಗಾಗಿ ಪ್ರತಿ ಸ್ಯಾಂಪಲ್‌ಗೂ ಶುರುವಿನಲ್ಲೇ, ಸೋಸಿದ ಕೂಡಲೇ, ಡ್ಯುಟೀರಿಯಂ (ಭಾರದ ಹೈಡ್ರೋಜನ್) ಇರುವ ಅದೇ ಔಷಧಿಯನ್ನು ಗೊತ್ತಿರುವ ಅಳತೆಯಲ್ಲಿ ಸೇರಿಸುತ್ತೇನೆ. ಅದಕ್ಕೆ ಎಷ್ಟು ಪೆಟ್ಟು ಬಿತ್ತೋ ಅಸಲಿ ಔಷಧಿಗೂ ಅಷ್ಟೇ ಬಿದ್ದಿರುತ್ತದೆ. ದುಬಾರಿ ನಿಜ, ಆದರೆ ಇದನ್ನು ಬಿಟ್ಟು ಕೊಟ್ಟ ಸಂಖ್ಯೆಗೆ ನಾನು ಸಹಿ ಹಾಕುವುದಿಲ್ಲ.

ಇನ್ನು ಫಲಿತಾಂಶ. ಅಮಾಕ್ಸಿಸಿಲಿನ್ ಇಷ್ಟೊಂದು ಬಳಕೆಯಲ್ಲಿದ್ದರೂ ನೀರಿನಲ್ಲಿ ಸಿಗುವುದು ತೀರಾ ಕಡಿಮೆ. ಅದರ ಬೀಟಾ-ಲ್ಯಾಕ್ಟಮ್ ಉಂಗುರ ಚರಂಡಿಯ ದಾರಿಯಲ್ಲೇ ಒಡೆದುಹೋಗುತ್ತದೆ. ತಲೆಕೆಡಿಸಿದ್ದು ಸಲ್ಫಾಮೆಥಾಕ್ಸಜೋಲ್. ಒಳಗಿಗಿಂತ ಹೊರಗೇ ಜಾಸ್ತಿ! ನಮ್ಮ ಆಪರೇಟರ್ ಶೀಟ್ ನೋಡಿ ಗಾಬರಿಯಾದರು. "ಮೇಡಂ, ಔಟ್‌ಲೆಟ್‌ನಲ್ಲಿ ಜಾಸ್ತಿ ಬಂದಿದೆಯಲ್ಲಾ, ನಮ್ಮ ಟ್ಯಾಂಕಲ್ಲೇ ತಯಾರಾಗ್ತಿದೆಯಾ?" ಅಂದರು.

ಅವರ ಮಾತು ನಿಜಕ್ಕೆ ತುಂಬಾ ಹತ್ತಿರ ಇತ್ತು. ನಾವು ನುಂಗಿದ ಸಲ್ಫಾಮೆಥಾಕ್ಸಜೋಲ್‌ನ ದೊಡ್ಡ ಪಾಲು ಲಿವರ್‌ನಲ್ಲಿ ಅಸಿಟೈಲ್ ಗುಂಪು ಅಂಟಿಸಿಕೊಂಡು ಹೊರಗೆ ಬರುತ್ತದೆ. ಯಂತ್ರಕ್ಕೆ ಅದು ಬೇರೆಯೇ ವಸ್ತು, ಹುಡುಕು ಅಂತ ಹೇಳದಿದ್ದರೆ ಹುಡುಕುವುದಿಲ್ಲ. ಏರೇಷನ್ (ಗಾಳಿ ಊದುವ) ಟ್ಯಾಂಕಿನ ಬ್ಯಾಕ್ಟೀರಿಯಾ ಆ ಅಸಿಟೈಲ್ ಅನ್ನು ಕಿತ್ತುಹಾಕುತ್ತವೆ, ಮೂಲ ಔಷಧಿ ಮತ್ತೆ ಪ್ರತ್ಯಕ್ಷ. ಅಂದಿನಿಂದ ಅಸಿಟೈಲ್ ರೂಪವನ್ನೂ ಅಳೆದು ಎರಡನ್ನೂ ಕೂಡಿಸುತ್ತೇನೆ. ಕೂಡಿಸಿ ನೋಡಿದರೆ ಶೀಟಿನಲ್ಲಿದ್ದ ಮೈನಸ್ ಹೋಗಿ ಪ್ಲಸ್ ಬಂತು. ಅಜಿತ್ರೋಮೈಸಿನ್‌ನದ್ದೂ ಇಂಥದ್ದೇ ಕಥೆ, ಕಾರಣ ಮಾತ್ರ ಬೇರೆ. ಅದು ಪಿತ್ತದ ಮೂಲಕ ಮಲದಲ್ಲಿ ಬರುತ್ತದೆ, ಮಲದ ಕಣಗಳ ಒಳಗೆ ಅಡಗಿರುತ್ತದೆ. ಟ್ಯಾಂಕಿನಲ್ಲಿ ಕಣ ಒಡೆದಾಗ ಹೊರಬೀಳುತ್ತದೆ. ಆದ್ದರಿಂದ ಫಿಲ್ಟರ್ ಮೇಲೆ ಉಳಿದ ಗಸಿಯನ್ನು ಎಸೆಯದೆ ಅದನ್ನೂ ಅಳೆಯಬೇಕು.

ಈಗ ಸಿಪ್ರೋಫ್ಲಾಕ್ಸಾಸಿನ್‌ಗೆ ಬರುತ್ತೇನೆ. ಶೀಟಿನಲ್ಲಿ ಇದು ಯಾವಾಗಲೂ ಒಳ್ಳೆಯ ವಿದ್ಯಾರ್ಥಿ. ಶೇ 80ರಷ್ಟು ಹೋಯಿತು ಅಂತ ಕಾಣುತ್ತದೆ, ಎಲ್ಲರಿಗೂ ಖುಷಿ. ನನಗೆ ಕೇಳಬೇಕಾಗಿದ್ದು ಒಂದೇ ಪ್ರಶ್ನೆ: ಹೋಗಿದ್ದೆಲ್ಲಿಗೆ? ಉತ್ತರ ಕೆಸರಿನಲ್ಲಿತ್ತು. ಈ ಔಷಧಿ ಕೆಸರಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅದಕ್ಕೇ ಕೆಸರನ್ನು ಫ್ರೀಜ್-ಡ್ರೈ ಮಾಡಿ, ಪುಡಿ ಮಾಡಿ, ಬಫರ್ ಮತ್ತು ಅಸಿಟೋನೈಟ್ರೈಲ್ ಜೊತೆ ಅಲ್ಟ್ರಾಸೋನಿಕ್ ಬಾತ್‌ನಲ್ಲಿಟ್ಟು, ಸೆಂಟ್ರಿಫ್ಯೂಜ್ ಮಾಡಿ, ತಿಳಿಯನ್ನು ನೀರಲ್ಲಿ ತೆಳು ಮಾಡಿ ಮತ್ತೆ ಕಾರ್ಟ್ರಿಡ್ಜ್ ದಾಟಿಸಬೇಕು. ಬೇಸರದ ಕೆಲಸ. ಒಂದೇ ಸಲಕ್ಕೆ ಪೂರ್ತಿ ಬಿಡುವುದಿಲ್ಲ, ಅದೇ ಪುಡಿಯನ್ನು ಮತ್ತೆ ಮತ್ತೆ ತೊಳೆಯಬೇಕು.

ಲೆಕ್ಕ ಹೇಗೆ ಅಂತ ಒಂದು ಉದಾಹರಣೆ ಹಾಕಿ ತೋರಿಸುತ್ತೇನೆ. ದಿನಕ್ಕೆ 1 ಕೋಟಿ ಲೀಟರ್, ಅಂದರೆ 10 ಎಂಎಲ್‌ಡಿ ಘಟಕ ಅಂದುಕೊಳ್ಳಿ. ಒಳಗೆ ಲೀಟರಿಗೆ 500 ನ್ಯಾನೋಗ್ರಾಂ, ಅಂದರೆ ದಿನಕ್ಕೆ 5 ಗ್ರಾಂ. ಹೊರಗೆ 100, ಅಂದರೆ 1 ಗ್ರಾಂ. ಉಳಿದ 4 ಗ್ರಾಂ "ತೆಗೆದದ್ದು". ದಿನಕ್ಕೆ ಹೊರಬೀಳುವ ಕೆಸರು, ಒಣ ತೂಕದಲ್ಲಿ, 2 ಟನ್. ಅದರ ಕಿಲೋದಲ್ಲಿ 1.5 ಮಿಲಿಗ್ರಾಂ ಸಿಕ್ಕರೆ ಒಟ್ಟು 3 ಗ್ರಾಂ. ಅಲ್ಲಿಗೆ ನಿಜವಾಗಿ ಒಡೆದಿದ್ದು ಬರೀ 1 ಗ್ರಾಂ ಅಲ್ವಾ? ಇಷ್ಟಾದರೂ ಹೊರಗೆ ಹೋದ 100 ನ್ಯಾನೋಗ್ರಾಂ ಆ 64ರ ಗಡಿಗಿಂತ ಮೇಲೇ ಇದೆ. ನನಗೆ ಈ ನಾಲ್ಕು ಸಾಲಿನ ಲೆಕ್ಕ ಇಡೀ ವರ್ಷದ ಶೇಕಡಾವಾರು ಪಟ್ಟಿಗಿಂತ ಜಾಸ್ತಿ ಹೇಳುತ್ತದೆ.

ಕೆಸರನ್ನು ಡೈಜೆಸ್ಟರ್‌ಗೆ ಹಾಕಿದರೆ ಸರಿಹೋಗುತ್ತದೆ ಅನ್ನುವವರೂ ಇದ್ದಾರೆ. ಗಾಳಿಯಿಲ್ಲದ ಡೈಜೆಸ್ಟರ್‌ನಲ್ಲಿ ಸಿಪ್ರೋಫ್ಲಾಕ್ಸಾಸಿನ್ ಹೆಚ್ಚೇನೂ ಒಡೆಯುವುದಿಲ್ಲ. ಕೆಸರಿನ ಸಾವಯವ ಭಾಗ ಗ್ಯಾಸ್ ಆಗಿ ಹೋಗುತ್ತದೆ, ಔಷಧಿ ಉಳಿಯುತ್ತದೆ. ಹಾಗಾಗಿ ಕಿಲೋ ಲೆಕ್ಕದಲ್ಲಿ ನೋಡಿದರೆ ಪ್ರಮಾಣ ಏರಿದರೂ ಆಶ್ಚರ್ಯವಿಲ್ಲ.

ಘಟಕದಲ್ಲಿ ಏನಾದರೂ ಬದಲಿಸಬಹುದಾ? ಟ್ರೈಮೆಥೋಪ್ರಿಮ್ ವಿಷಯದಲ್ಲಿ ಹೌದು. ಕೆಸರಿನ ವಯಸ್ಸು (ಕೆಸರು ಟ್ಯಾಂಕಿನಲ್ಲಿ ಸರಾಸರಿ ಉಳಿಯುವ ದಿನಗಳು) ಕಡಿಮೆ ಇದ್ದಾಗ ಅದು ಬಂದ ಹಾಗೇ ದಾಟಿಹೋಗುತ್ತದೆ. ವಯಸ್ಸು ಹೆಚ್ಚಿಸಿ, ಅಮೋನಿಯಾ ಪೂರ್ತಿ ನೈಟ್ರೇಟ್ ಆಗುವಂತೆ ನಡೆಸಿದಾಗ ಕೆಲಸ ಎದ್ದು ಕಾಣುವಷ್ಟು ಉತ್ತಮವಾಯಿತು. ನಿಧಾನವಾಗಿ ಬೆಳೆಯುವ ಬ್ಯಾಕ್ಟೀರಿಯಾಗಳಿಗೆ ಟ್ಯಾಂಕಿನಲ್ಲಿ ನೆಲೆಯೂರಲು ಸಮಯ ಸಿಕ್ಕಿತು. ಗಾಳಿಯ ಖರ್ಚು ಹೆಚ್ಚುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಸಲ್ಫಾಮೆಥಾಕ್ಸಜೋಲ್, ಟ್ರೈಮೆಥೋಪ್ರಿಮ್ ಎರಡನ್ನೂ ಓಝೋನ್ ಬೇಗ ಒಡೆಯುತ್ತದೆ. ಆದರೆ ನೀರಿನಲ್ಲಿ ಬ್ರೋಮೈಡ್ ಇದ್ದರೆ ಬ್ರೋಮೇಟ್ ಅನ್ನುವ ಹಾನಿಕರ ವಸ್ತು ಹುಟ್ಟುತ್ತದೆ, ಅದನ್ನು ಮೊದಲೇ ಪರೀಕ್ಷಿಸಬೇಕು. ಓಝೋನ್ ಆದಮೇಲೆ ಒಂದು ಮರಳಿನ ಫಿಲ್ಟರ್ ಇರಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒಡೆದ ಚೂರುಗಳನ್ನು ತಿನ್ನಲು ಅಲ್ಲಿನ ಬ್ಯಾಕ್ಟೀರಿಯಾ ಬೇಕು. ಇದ್ದಿಲ ಪುಡಿ ಇನ್ನೊಂದು ದಾರಿ, ಆದರೆ ಅದು ಔಷಧಿಯನ್ನು ಹಿಡಿಯುತ್ತದೆ ಅಷ್ಟೇ. ಬಳಸಿದ ಪುಡಿಯನ್ನು ಸುಡುವ ವ್ಯವಸ್ಥೆ ಇಲ್ಲದೆ ಶುರು ಮಾಡಬಾರದು.

ಈಗ ನಾನು ಕೊಡುವ ವರದಿಯಲ್ಲಿ "ತೆಗೆದ ಶೇಕಡಾ" ಅನ್ನುವ ಕಾಲಂ ಒಂಟಿಯಾಗಿ ಇರುವುದಿಲ್ಲ. ಪ್ರತಿ ಔಷಧಿಯ ಎದುರಿಗೆ ಮೂರು ಸಂಖ್ಯೆ: ನೀರಿನಲ್ಲಿ ಹೊರಗೆ ಹೋದದ್ದು, ಕೆಸರಿನಲ್ಲಿ ಹೋದದ್ದು, ಎರಡೂ ಕಡೆ ಸಿಗದ್ದು, ಎಲ್ಲವೂ ದಿನಕ್ಕೆ ಇಷ್ಟು ಗ್ರಾಂ ಅಂತ. ಕೆಸರು ಗೊಬ್ಬರವಾಗಿ ಹೊಲಕ್ಕೆ ಹೋಗುವುದಿದ್ದರೆ, ಲಾರಿ ತುಂಬುವ ಮೊದಲು ರಾಶಿಯ ಬೇರೆ ಬೇರೆ ಕಡೆಯಿಂದ ಇನ್ನೊಂದು ಸ್ಯಾಂಪಲ್ ತೆಗೆದುಕೊಳ್ಳುತ್ತೇನೆ. ಅದರ ಫಲಿತಾಂಶದ ಒಂದು ಪ್ರತಿ ಕೆಸರು ಒಯ್ಯುವವರಿಗೂ ಹೋಗುತ್ತದೆ.