ಗೆಳೆಯನ ಸ್ಟುಡಿಯೋದಿಂದ ಚಿತ್ರ ಕಡ ತಂದು ಮನೆಗೆ ಹಾಕಿದ್ದು: ನನ್ನ ಅನುಭವ

ಮಲೆನಾಡಿನ ಮನೆಯಲ್ಲಿ ಚಿತ್ರ ಉಳಿಯಲ್ಲ ಅಂತ ಹೇಳದವರೇ ಇಲ್ಲ. ಫ್ರೇಮ್ ಅಂಗಡಿಯವರು ಹೇಳಿದರು. ಭಾವ ಹೇಳಿದರು. ಮೈಸೂರಿನ ಒಂದಿಬ್ಬರು ಚಿತ್ರಕಾರರೂ ಹೇಳಿದರು. 'ಅದೂ ಕಡ ತಂದ ಚಿತ್ರ! ಹಾಳಾದ್ರೆ ಗೆಳೆತನಾನೂ ಹೋಯ್ತು' ಅನ್ನೋದು ಭಾವನ ಮಾತು. ಈಗ ಸಾಗರದ ನಮ್ಮ ಮನೆಗೆ ಐದಾರು ವರ್ಷದಿಂದ ಗೆಳೆಯನ ಚಿತ್ರಗಳು ಬಂದು ಹೋಗುತ್ತಿವೆ. ಮೊದಲ ವರ್ಷದ ಅವಾಂತರ ಬಿಟ್ಟರೆ ಒಂದಕ್ಕೂ ಬೂಷ್ಟು ಹಿಡಿದಿಲ್ಲ. ಗೆಳೆತನಕ್ಕೂ ಹಿಡಿದಿಲ್ಲ.

ಕಲಾವಿದ ಗೆಳೆಯರಿದ್ದು, ಒಂದೆರಡು ಚಿತ್ರ ತಂದು ಆಗಲೇ ಕೈಸುಟ್ಟುಕೊಂಡವರಿಗೆ ಇದು. ಮೊಳೆ ಹೊಡೆಯೋದು, ತಂತಿ ಕಟ್ಟೋದು ನಿಮಗೆ ಗೊತ್ತೇ ಇರುತ್ತದೆ.

ನನ್ನ ಗೆಳೆಯ ಮೈಸೂರಿನ ಕಾವಾ ಅನ್ನೋ ಚಿತ್ರಕಲಾ ಕಾಲೇಜಿನಲ್ಲಿ ಓದಿದವನು. ಮನೆಯ ಮಾಳಿಗೆ ಮೇಲೆ ಶೀಟ್ ಹಾಕಿಸಿಕೊಂಡು ಸ್ಟುಡಿಯೋ ಮಾಡಿಕೊಂಡಿದ್ದಾನೆ. ಹೋಗಲು ಒಳ್ಳೆಯ ಸಮಯ ಅಂದರೆ ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆ ಮುಗಿದ ಮೇಲಿನ ವಾರ. ಕುಮಾರಕೃಪಾ ರಸ್ತೆಯಲ್ಲಿ ಇಡೀ ದಿನ ಬಿಸಿಲಲ್ಲಿ ಕೂತು, ಮಾರದೆ ಉಳಿದದ್ದನ್ನು ವಾಪಸ್ ಹೊತ್ತು ತಂದಿರುತ್ತಾನೆ. ಸ್ಟುಡಿಯೋದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. 'ಯಾವುದಾದ್ರೂ ತಗೊಂಡು ಹೋಗು ಮಾರಾಯ, ಮೊದಲು ಜಾಗ ಖಾಲಿ ಮಾಡು' ಅನ್ನುತ್ತಾನೆ. ಇದೇ ಮಾತನ್ನು ನವೆಂಬರಿನಲ್ಲಿ ಕೇಳಿ ನೋಡಿ, ಒಂದನ್ನೂ ಮುಟ್ಟಲು ಬಿಡುವುದಿಲ್ಲ.

ಕ್ಯಾನ್ವಾಸುಗಳೆಲ್ಲ ಗೋಡೆಗೆ ಮುಖ ಮಾಡಿ ಒರಗಿರುತ್ತವೆ. ನಾನು ಮೊದಲು ನೋಡುವುದು ಬೆನ್ನನ್ನೇ. ಸ್ಟ್ರೆಚರ್ ಪಟ್ಟಿಯ (ಬಟ್ಟೆಯನ್ನು ಎಳೆದು ಕಟ್ಟಿದ ಮರದ ಚೌಕಟ್ಟಿನ) ಮೇಲೆ ಮಾರ್ಕರಿನಲ್ಲಿ ವರ್ಷ, ಅಳತೆ, ಬೆಲೆ ಬರೆದಿರುತ್ತಾನೆ. ಬೆಲೆಯನ್ನು ಮೂರು ಸಲ ಹೊಡೆದು ತಿದ್ದಿದ್ದರೆ ಅದು ಬಹಳ ದಿನ ಮಾರಾಟವಾಗದೆ ಉಳಿದದ್ದು ಅಂತ ಅರ್ಥ. ಮೂಲೆಯಲ್ಲಿ ಬೆಣೆಗಳು ಇವೆಯಾ ಅಂತ ನೋಡುತ್ತೇನೆ. ಮಳೆ ಬಂದಾಗ ಬಟ್ಟೆ ಸಡಿಲವಾಗಿ ಹೊಟ್ಟೆ ಬಿಡುತ್ತದಲ್ಲ, ಆಗ ಬೆಣೆಯನ್ನು ಸಣ್ಣ ಸುತ್ತಿಗೆಯಲ್ಲಿ ಟಕ್ ಟಕ್ ಅಂತ ಎರಡೇಟು ಹಾಕಿದರೆ ಮತ್ತೆ ಬಿಗಿಯಾಗುತ್ತದೆ. ಬೆಣೆ ಇಲ್ಲದೆ ಮೊಳೆ ಹೊಡೆದೇ ಕೂರಿಸಿದ ಚೌಕಟ್ಟಾದರೆ ನಮ್ಮ ಕಡೆಗೆ ತರಲೇಬೇಡಿ. ಇನ್ನು, ಅವನು ಹಿಂದಿನ ಸಾಲಿನಲ್ಲಿ ಮುಚ್ಚಿಟ್ಟ ಚಿತ್ರಗಳನ್ನು ಹೊರಗೆ ತೆಗೆಸೋದು ಹೇಗೆ ಅನ್ನೋದು ನನ್ನ ಹತ್ತಿರವೇ ಇರಲಿ. ಅವನೂ ಇದನ್ನು ಓದುತ್ತಾನೆ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಎಲ್ಲ ಕೆಡೋದೂ ಇಲ್ಲೇ, ಸರಿಯಾಗೋದೂ ಇಲ್ಲೇ.

ಮೊದಲ ವರ್ಷ ಪುಕ್ಕಟೆ ತಂದೆ. ಗೆಳೆಯ ತಾನೇ ಅಂತ. ಆಗಿದ್ದೇನು ಅಂದರೆ, ಅವನಿಗೆ ಪ್ರದರ್ಶನಕ್ಕೆ ಒಂದು ಚಿತ್ರ ಬೇಕಿತ್ತು, ವಾಪಸ್ ಕೇಳಲು ಸಂಕೋಚ. ನನಗೆ ಇನ್ನೊಂದು ಚಿತ್ರ ನೋಡಿ ನೋಡಿ ಬೇಜಾರಾಗಿತ್ತು, ಬದಲಾಯಿಸಿ ಕೊಡು ಅನ್ನಲು ಸಂಕೋಚ. ಅಷ್ಟರಲ್ಲಿ ಅವನ ಸ್ಟುಡಿಯೋಗೆ ಗಿರಾಕಿ ಬಂದರು. ಅವರು ಕೇಳಿದ ಚಿತ್ರ ನಮ್ಮ ಜಗಲಿಯ ಗೋಡೆ ಮೇಲಿತ್ತು. ಸುಮಾರು 40 ಸಾವಿರದ ವ್ಯಾಪಾರ ತಪ್ಪಿಹೋಯಿತು. ಅವನು ಏನೂ ಅನ್ನಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಆಮೇಲೆ ಕೂತು ಮಾತಾಡಿದೆವು. ಬೆಲೆಯ ನೂರಕ್ಕೆ ಒಂದು ಪಾಲು ತಿಂಗಳ ಬಾಡಿಗೆ. 35 ಸಾವಿರದ ಚಿತ್ರಕ್ಕೆ 350 ರೂಪಾಯಿ. ಒಂದು ಸಲಕ್ಕೆ ನಾಲ್ಕೈದು ಚಿತ್ರ ಇರುತ್ತವೆ. ತಿಂಗಳಿಗೆ ಸಾವಿರದೈನೂರರ ಆಸುಪಾಸು ಆಗುತ್ತದೆ. ಒಂದು ವರ್ಷದೊಳಗೆ ನಾನೇ ಕೊಂಡರೆ ಕೊಟ್ಟ ಬಾಡಿಗೆ ಬೆಲೆಯಲ್ಲಿ ವಜಾ. ಅವನಿಗೆ ಬೇಕೆಂದರೆ ಹದಿನೈದು ದಿನ ಮುಂಚೆ ಹೇಳಬೇಕು, ಕಳಿಸುವ ಖರ್ಚು ಅವನದು. ನನ್ನ ಮನೆಯಲ್ಲಿ ಪೆಟ್ಟಾದರೆ ಅರ್ಧ ಬೆಲೆ ನನ್ನದು. ಇಷ್ಟನ್ನೂ ಒಂದೇ ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದ್ದೇವೆ. ತರುವ ದಿನ ಮುಂದೆ, ಹಿಂದೆ, ನಾಲ್ಕು ಮೂಲೆ ಮೊಬೈಲಿನಲ್ಲಿ ಫೋಟೋ ತೆಗೆದು ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳುತ್ತೇವೆ. 'ಗೆಳೆಯರ ಮಧ್ಯೆ ಕಾಗದ ಪತ್ರ ಎಂಥದು' ಅಂತ ಭಾವ ನಕ್ಕರು. ನಗಲಿ. ದುಡ್ಡು ಓಡಾಡಲು ಶುರುವಾದ ಮೇಲೆ ಸಂಕೋಚ ಹೋಯಿತು. ಈಗ ಅವನು ಆರಾಮಾಗಿ ವಾಪಸ್ ಕೇಳುತ್ತಾನೆ, ನಾನು ಆರಾಮಾಗಿ 'ಇದು ಸಾಕು, ಬೇರೆ ಕೊಡು' ಅನ್ನುತ್ತೇನೆ.

ಇದೇನೂ ಹೊಸದಲ್ಲ ಬಿಡಿ. ಅಮೆರಿಕದ ಓಬರ್ಲಿನ್ ಕಾಲೇಜಿನ ಮ್ಯೂಸಿಯಂ ವಿದ್ಯಾರ್ಥಿಗಳಿಗೆ ಅಸಲಿ ಚಿತ್ರಗಳನ್ನೇ ಬಾಡಿಗೆಗೆ ಕೊಡಲು ಶುರುಮಾಡಿದ್ದು 1940ರ ದಶಕದಲ್ಲಿ. ಹಾಸ್ಟೆಲ್ ಹುಡುಗರ ಕೋಣೆಯಲ್ಲಿ ಉಳಿಯುವುದಾದರೆ ನಮ್ಮ ಜಗಲಿಯಲ್ಲಿ ಉಳಿಯಲ್ವಾ?

ಸಾಗಿಸೋದು ರೈಲಿನಲ್ಲೇ. ಮೈಸೂರು–ತಾಳಗುಪ್ಪ ರಾತ್ರಿ ರೈಲು. ಎರಡಡಿ ಮೂರಡಿಯ ಕ್ಯಾನ್ವಾಸುಗಳನ್ನು ಎರಡೆರಡಾಗಿ ಮುಖಕ್ಕೆ ಮುಖ ಮಾಡಿ, ನಾಲ್ಕು ಮೂಲೆಗೆ ರಟ್ಟಿನ ತುಂಡು ಕೊಟ್ಟು, ಹಳೆಯ ಕಾಟನ್ ಸೀರೆಯಲ್ಲಿ ಸುತ್ತುತ್ತೇನೆ. ಅಪ್ಪರ್ ಬರ್ತ್‌ನಲ್ಲಿ ಚಿತ್ರ ಮಲಗುತ್ತದೆ, ನಾನು ಕೆಳಗೆ ಯಾರಾದರೂ ಜಾಗ ಕೊಟ್ಟರೆ ಕೂರುತ್ತೇನೆ. ಬಬಲ್ ಶೀಟನ್ನು ಬಣ್ಣಕ್ಕೆ ತಾಗಿಸಬೇಡಿ. ಅಕ್ರಿಲಿಕ್ ಬಣ್ಣ ಸೆಕೆಗೆ ಮೆತ್ತಗಾಗುತ್ತದೆ. ಒಮ್ಮೆ ಒಬ್ಬ ಪಾರ್ಸೆಲ್‌ನವನು ಏಪ್ರಿಲ್ ಬಿಸಿಲಲ್ಲಿ ಬಬಲ್ ಶೀಟ್ ಸುತ್ತಿ ತಂದ. ಬಿಚ್ಚಿದರೆ ಆಕಾಶದ ತುಂಬ ಸಾಲಾಗಿ ಸಣ್ಣ ಸಣ್ಣ ಉಂಗುರ. ಗೆಳೆಯ ಅದರ ಮೇಲೆ ಮತ್ತೆ ಬಣ್ಣ ಹಚ್ಚಬೇಕಾಯಿತು.

ಈಗ ಮಳೆ. ನಮ್ಮದು ಹೆಂಚಿನ ಮನೆ. ಐನೂರು ರೂಪಾಯಿಗೆ ತೇವ ನೋಡುವ ಸಣ್ಣ ಮೀಟರ್ ತಂದು ಇಟ್ಟಿದ್ದೇನೆ. ಜುಲೈನಲ್ಲಿ ಅದು ನೂರಕ್ಕೆ 85, 90ರಿಂದ ಕೆಳಗೆ ಇಳಿಯುವುದೇ ಕಷ್ಟ. ಮೊದಲ ವರ್ಷ ಗಾಜು ಹಾಕಿದ ಜಲವರ್ಣವೊಂದು ಆಗಸ್ಟ್ ಹೊತ್ತಿಗೆ ಹಪ್ಪಳದ ಹಾಗೆ ಏರಿಳಿದು ಗಾಜಿಗೇ ಅಂಟಿಕೊಂಡಿತು. ಬಿಡಿಸಿದರೆ ಕಂದು ಚುಕ್ಕಿ. ಅದಕ್ಕೇ ನನ್ನದೊಂದು ಪಂಚಾಂಗ ಇದೆ: ದೀಪಾವಳಿ ಕಳೆದ ಮೇಲೆ ಕಾಗದದ ಚಿತ್ರ ಬರಬಹುದು, ಮೇ ಮೊದಲ ವಾರ ಮೈಸೂರಿಗೆ ವಾಪಸ್. ಮಳೆಗಾಲಕ್ಕೆ ವಾರ್ನಿಶ್ ಹೊಡೆದ ಒಂದೆರಡು ಅಕ್ರಿಲಿಕ್ ಮಾತ್ರ ಉಳಿಯುತ್ತವೆ. ಅವೂ ಮಳೆ ಬಡಿಯುವ ಹೊರಗೋಡೆಗಲ್ಲ, ಒಳಗೋಡೆಗೆ. ಬೆನ್ನಿಗೆ ಬಾಟಲಿಯ ಕಾರ್ಕನ್ನು ಅರ್ಧ ಮಾಡಿ ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ಅರ್ಧ ಇಂಚು ಸಂದು ಸಿಗುತ್ತದೆ, ಗಾಳಿ ಆಡುತ್ತದೆ.

ಆ ಸಂದೇ ಹಲ್ಲಿಗೆ ಬಾಣಂತಿ ಕೋಣೆಯಾಯಿತು ಅನ್ನಿ. ತೆಗೆದು ನೋಡಿದಾಗೆಲ್ಲ ಎರಡು ಬಿಳಿ ಮೊಟ್ಟೆ. ಬಲೆ ಹೊಡೆದೆ, ಅದರೊಳಗೆ ಜೇಡ ಮನೆ ಮಾಡಿತು. ನುಸಿಗುಳಿಗೆ ಇಟ್ಟೆ, ಅಮ್ಮನಿಗೆ ತಲೆನೋವು ಬಂತು. ಈಗ ಒಂದು ಉಪಾಯ ಸಿಕ್ಕಿದೆ, ಖರ್ಚು ಹತ್ತು ರೂಪಾಯಿಯೂ ಇಲ್ಲ. ಇನ್ನೊಂದು ಮಳೆಗಾಲ ನೋಡಿಕೊಂಡು ಹೇಳುತ್ತೇನೆ.

ಫ್ರೇಮಿಗೆ ಅಂಗಡಿಯಲ್ಲಿ ಒಂದಕ್ಕೆ 2,200 ಕೇಳಿದರು. ನಮ್ಮೂರ ಬಡಗಿ ಹಲಸಿನ ಪಟ್ಟಿಯಲ್ಲಿ ಆರುನೂರಕ್ಕೆ ಮಾಡಿಕೊಟ್ಟ. ಅಳತೆ ಎಲ್ಲ ಎರಡಡಿ ಮೂರಡಿಯದೇ ತರುವುದರಿಂದ ಚಿತ್ರ ಬದಲಾದರೂ ಫ್ರೇಮ್ ಅದೇ. ಹೀಗೆ ಮಾಡಿದ್ದರಿಂದ ಉಳಿದ ದುಡ್ಡೇ ನಾಲ್ಕೈದು ತಿಂಗಳ ಬಾಡಿಗೆಗೆ ಹತ್ತಿರ ಬಂತು.

ನಡುವೆ ಏನೇನೋ ಮಾಡಿ ನೋಡಿದೆ. ಅಡುಗೆಮನೆಯಲ್ಲಿ ಒಂದು ಸಣ್ಣ ಚಿತ್ರ ಹಾಕಿದೆ. ಒಗ್ಗರಣೆ ಹೊಗೆಗೆ ತಿಂಗಳಲ್ಲೇ ಮೇಲೊಂದು ಜಿಡ್ಡಿನ ಪದರ ಕೂತಿತು, ತೆಗೆದೆ. ಮೊಬೈಲ್ ಆ್ಯಪಿನಲ್ಲಿ ಬೆಳಕು ಅಳೆದೆ. ಮ್ಯೂಸಿಯಂನವರು ಕಾಗದದ ಚಿತ್ರಕ್ಕೆ 50 ಲಕ್ಸ್ (ಬೆಳಕು ಅಳೆಯುವ ಮಾನ), ತೈಲವರ್ಣಕ್ಕೆ 200, ಅದಕ್ಕಿಂತ ಜಾಸ್ತಿ ಬೇಡ ಅನ್ನುತ್ತಾರೆ. ನಮ್ಮ ಜಗಲಿಯಲ್ಲಿ ಮಧ್ಯಾಹ್ನ 800 ತೋರಿಸಿತು! ನಡುಮನೆಯಲ್ಲಿ ನಲವತ್ತೂ ಇಲ್ಲ. ಹಳೆಯ ಮನೆಯ ಕತ್ತಲೆಗೆ ಬೈಯುತ್ತಿದ್ದವನು ಅಂದಿನಿಂದ ಬೈಯುವುದು ಬಿಟ್ಟೆ. ಎತ್ತರವನ್ನೂ ಬದಲಾಯಿಸಿದೆ. ನಿಂತು ನೋಡುವ ಲೆಕ್ಕದಲ್ಲಿ ಎಲ್ಲರೂ ಹಾಕುತ್ತಾರೆ, ನಮ್ಮ ಮನೆಯಲ್ಲಿ ಯಾರೂ ನಿಂತು ನೋಡಲ್ಲ. ಅಪ್ಪ ಆರಾಮ ಕುರ್ಚಿಯಲ್ಲಿ ಕೂತು ಕವಳ ಹಾಕುತ್ತಾ ನೋಡುತ್ತಾರೆ. ಅವರ ಕಣ್ಣಿನ ಮಟ್ಟಕ್ಕೆ ಇಳಿಸಿದೆ.

ಹಸೆ ಚಿತ್ತಾರವನ್ನೂ ಪ್ರಯತ್ನಿಸಿದೆ. ನಮ್ಮ ಸೀಮೆಯ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆ ಮೇಲೆ ಪುಂಡಿ ನಾರಿನ ಕುಂಚದಲ್ಲಿ ಬರೆಯುತ್ತಾರಲ್ಲ, ಅದು. ಗೋಡೆಯನ್ನು ಕಡ ತರಲು ಆಗುವುದಿಲ್ಲ. ಪರಿಚಯದ ಅಕ್ಕ ಒಬ್ಬರಿಂದ ಪ್ಲೈವುಡ್ ಹಲಗೆ ಮೇಲೆ ಬರೆಸಿದೆ, ಕೇಳಿದಷ್ಟು ಕೊಟ್ಟೆ. ಅಕ್ಕಿಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಗೆರೆ ಎಳೆಯುವಾಗ ಕೈ ಒಂದಿಷ್ಟೂ ನಡುಗಲಿಲ್ಲ, ಸ್ಕೇಲೂ ಇಲ್ಲ. ಆದರೆ ಅಕ್ಕಿಹಿಟ್ಟಿಗೆ ಜಿರಳೆ ಬಂದವು, ಅಂಚಿನ ಸಾಲು ಅರ್ಧ ತಿಂದು ಹಾಕಿದವು. 'ಹಬ್ಬಕ್ಕೆ ಅಳಿಸಿ ಹೊಸದು ಬರೆಯೋದು ಮತ್ತೆ ಯಾಕೆ ಅಂದ್ಕೊಂಡ್ರಿ' ಅಂದರು ಅಕ್ಕ.

ಒಂದು ಎಚ್ಚರಿಕೆ. ಚಿತ್ರದ ಫೋಟೋ ಕೇಳಿದವರಿಗೆಲ್ಲ ಕಳಿಸಬೇಡಿ. ಮನೆಗೆ ಬಂದ ಒಬ್ಬರು ಮೊಬೈಲಿನಲ್ಲಿ ಹಿಡಿದುಕೊಂಡು ಹೋದರು. ಎರಡು ವಾರಕ್ಕೆ ಅದು ಯಾವುದೋ ಕಾರ್ಯಕ್ರಮದ ಫ್ಲೆಕ್ಸ್ ಮೇಲೆ ಬಂತು, ಗೆಳೆಯನ ಹೆಸರೂ ಇಲ್ಲ. ಚಿತ್ರವನ್ನು ದುಡ್ಡು ಕೊಟ್ಟು ಕೊಂಡರೂ ಅಚ್ಚು ಹಾಕುವ ಹಕ್ಕು ಸಾಮಾನ್ಯವಾಗಿ ಬರೆದವನದೇ. ಇನ್ನು ಕಡ ತಂದದ್ದಕ್ಕೆ ಕೇಳಬೇಕಾ? ಈಗ ನಮ್ಮ ಹಾಳೆಯಲ್ಲಿ ಅದೂ ಒಂದು ಸಾಲು.

ಇಲ್ಲಿವರೆಗೆ ನಮ್ಮ ಗೋಡೆಯಿಂದಲೇ ಮೂರು ಚಿತ್ರ ಮಾರಾಟವಾಗಿವೆ. ಎಲ್ಲ ಸೇರಿ ಲಕ್ಷದ ಹತ್ತಿರ ಆಗಿರಬೇಕು. ಕೊಂಡವರು ನೇರವಾಗಿ ಗೆಳೆಯನಿಗೇ ಕೊಟ್ಟರು, ನಾನು ಕಮಿಷನ್ ಮುಟ್ಟಲಿಲ್ಲ. ಒಂದನ್ನು ನಾನೇ ಕೊಂಡೆ, ಬಾಡಿಗೆ ವಜಾ ಆಗಿ ಮೂವತ್ತೊಂದು ಸಾವಿರ ಚಿಲ್ಲರೆ ಬಿತ್ತು. ಗ್ಯಾಲರಿಯಲ್ಲಿ ನೋಡುವಾಗ ಜನ ಬೆಲೆ ಕೇಳಲು ಹೆದರುತ್ತಾರೆ. ಚಹಾ ಕುಡಿಯುತ್ತಾ ನೋಡಿದರೆ ಸುಮ್ನೆ ಕೇಳಿಬಿಡುತ್ತಾರೆ.

ಸದ್ಯ ಬಾಕಿ ಇರುವುದು ಅವನ ಐದಡಿ ನಾಲ್ಕಡಿಯ ತೈಲವರ್ಣ. ಬರ್ತ್‌ಗೆ ಹಿಡಿಸಲ್ಲ, ಗಾಡಿಯವರು ಮೈಸೂರಿನಿಂದ ಒಂಬತ್ತು ಸಾವಿರ ಹೇಳುತ್ತಿದ್ದಾರೆ. ಸಾಗರ, ಶಿವಮೊಗ್ಗ ಕಡೆಯ ಇನ್ನೂ ಎರಡು ಮನೆಯವರು ಚಿತ್ರ ತರಿಸುವುದಾದರೆ ಒಂದೇ ಗಾಡಿಯಲ್ಲಿ ತಂದು ಮೂರು ಪಾಲು ಮಾಡಬಹುದು. ಭಾವ ಒಂದು ಪಾಲಿಗೆ ಒಪ್ಪಿದ್ದಾರೆ. ಬಾಡಿಗೆಯಲ್ಲಿ ಮಾತ್ರ ಇನ್ನೂ ಚೌಕಾಶಿ ಮಾಡುತ್ತಿದ್ದಾರೆ.