ತಮಟೆಗೆ ಕುಣಿದ ಸೇತುವೆ

ಮಂಡ್ಯ ಕಡೆಯ ಒಂದು ಊರಲ್ಲಿ ನಾಲೆ ಮೇಲೆ ಕಬ್ಬಿಣದ ಕಾಲುಸೇತುವೆ ಇದೆ. ಉದ್ದ 24 ಮೀಟರ್. ವರ್ಷವಿಡೀ ತಣ್ಣಗಿರುತ್ತದೆ, ಜಾತ್ರೆ ದಿನ ಮಾತ್ರ ಗಡಗಡ ಅಲ್ಲಾಡುತ್ತದೆ. "ಜನ ಜಾಸ್ತಿ ಆದ್ರು, ಭಾರ ತಡೀತಿಲ್ಲ" ಅಂತ ಊರವರು. ಈ ಅಲ್ಲಾಟ ಅಳೆಯಲು ಮೈಸೂರಿನಿಂದ ಹೋದ ನನಗೂ ಮೊದಲು ಅದೇ ಅನುಮಾನ.

ಆದರೆ ಲೆಕ್ಕ ಕೂಡಲಿಲ್ಲ. ಚದರ ಮೀಟರಿಗೆ ಆರು ಜನ ಒತ್ತೊತ್ತಾಗಿ ನಿಂತರೂ, ಒಬ್ಬರಿಗೆ 65 ಕೆಜಿಯಂತೆ 390 ಕೆಜಿ. ಕುರ್ಚಿ ಹಾಕದೆ ಜನ ಸೇರುವ ಜಾಗಕ್ಕೆ ಕಟ್ಟಡಗಳು ತಡೆಯಬೇಕಾದ ಭಾರದ ಭಾರತೀಯ ಮಾನದಂಡ ಐಎಸ್ 875 ಹೇಳುವ ಭಾರ ಚದರ ಮೀಟರಿಗೆ 5 ಕಿಲೋನ್ಯೂಟನ್, ಅಂದರೆ ಸುಮಾರು 500 ಕೆಜಿ. ತೂಕಕ್ಕಲ್ಲ, ಬೇರೆ ಯಾವುದಕ್ಕೋ ಅಲ್ಲಾಡುತ್ತಿದೆ.

ಮೊದಲ ಜಾತ್ರೆಯಲ್ಲಿ ನಾನು ಪೂರ್ತಿ ಸೋತೆ. ಕಂಪನ ಅಳೆಯುವ ಸೆನ್ಸರನ್ನು ರೇಲಿಂಗ್‌ಗೆ ಎರಡು ಬದಿ ಅಂಟುವ ಟೇಪಿನಲ್ಲಿ ಅಂಟಿಸಿದ್ದೆ. ಜನ ರೇಲಿಂಗ್ ಹಿಡಿದು ನಡೆದರು, ಅದರ ಕಂಪನವೇ ದಾಖಲಾಯಿತು. ಮಧ್ಯಾಹ್ನದ ಬಿಸಿಲಿಗೆ ಟೇಪೂ ಬಿಟ್ಟುಕೊಂಡಿತು. ಮುಂದಿನ ವರ್ಷ ಸೇತುವೆಯ ನಟ್ಟನಡುವೆ, ಕೆಳಗಿನ ಉಕ್ಕಿನ ತೊಲೆಗೇ ಕ್ಲ್ಯಾಂಪ್ ಹಾಕಿ ಬಿಗಿದೆ. ಸೆಕೆಂಡಿಗೆ 200 ಸಲ ಓದುವಂತೆ ಇಟ್ಟೆ.

ಜಾತ್ರೆಯ ಹಿಂದಿನ ದಿನ ಖಾಲಿ ಸೇತುವೆ ಪರೀಕ್ಷೆ. ನಡುವೆ ನಿಂತು ಹಿಮ್ಮಡಿ ಎತ್ತಿ ದಪ್ಪನೆ ಬಿಟ್ಟರೆ ಸಾಕು, ಸೇತುವೆ ತನ್ನ ಸ್ವಂತ ಲಯದಲ್ಲಿ ಮಿಡಿಯುತ್ತದೆ. ಸೆಕೆಂಡಿಗೆ 3.1 ಸಲ ಬಂತು. ನಲವತ್ತು ಜನ ನಿಂತ ಮೇಲೆ 2.8. ಜನವೇ ಭಾರವಾಗಿ ಸೇರಿಕೊಂಡಿದ್ದಕ್ಕೆ ಲಯ ನಿಧಾನವಾಯಿತು.

ಸೆನ್ಸರ್ ಸುಲಭ, ಜನರನ್ನು ಎಣಿಸುವುದೇ ಕಷ್ಟ. ಪಕ್ಕದ ಮನೆಯ ತಾರಸಿಯಿಂದ ವಿಡಿಯೊ ಮಾಡಿ ಆಮೇಲೆ ತಲೆ ಎಣಿಸಿದೆವು. ವಿಡಿಯೊಗೂ ಸೆನ್ಸರಿಗೂ ಸಮಯ ಹೊಂದಬೇಕಲ್ವಾ? ಶುರುವಿನಲ್ಲಿ ಕ್ಯಾಮೆರಾಗೆ ಕಾಣುವಂತೆ ತೊಲೆಗೆ ಸುತ್ತಿಗೆಯಿಂದ ಒಂದೇಟು ಹೊಡೆದೆ. ಆ ಏಟು ಎರಡರಲ್ಲೂ ಸಿಗುತ್ತದೆ.

ಸುಮ್ನೆ ನಡೆಯುವವರು ಸೆಕೆಂಡಿಗೆ ಎರಡರ ಆಸುಪಾಸು ಹೆಜ್ಜೆ ಹಾಕುತ್ತಾರೆ. ಸೇತುವೆ ತುಂಬಿದ್ದರೂ ಕಂಪನದ ತೀವ್ರತೆ (ವೇಗೋತ್ಕರ್ಷ) 0.3 ಮೀಟರ್ ಪರ್ ಸೆಕೆಂಡ್ ಸ್ಕ್ವೇರ್ ದಾಟಲಿಲ್ಲ. ಯುರೋಪಿನ ನಿಯಮದ ಮಿತಿ 0.7. ಆಮೇಲೆ ಪಲ್ಲಕ್ಕಿ ಬಂತು, ಮುಂದೆ ತಮಟೆ. ಹುಡುಗರು ಬಡಿತಕ್ಕೆ ಸರಿಯಾಗಿ ಎಗರಿದರು. ವಿಡಿಯೊದಲ್ಲಿ ಎಣಿಸಿದರೆ ಸೆಕೆಂಡಿಗೆ 2.7 ಸಲ, ಜನ ನಿಂತಾಗಿನ ಸೇತುವೆಯ ಸ್ವಂತ ಲಯಕ್ಕೆ ಹೆಚ್ಚುಕಡಿಮೆ ಸರಿಸಮ! ಕಂಪನ 2 ದಾಟಿತು. ಸೇತುವೆ ಮೇಲೆ ಆಗ ಇದ್ದವರು ಬರೀ ಮೂವತ್ತೆಂಟು ಜನ. ಲಂಡನ್ನಿನ ಮಿಲೇನಿಯಂ ಬ್ರಿಡ್ಜ್ 2000ರ ಜೂನ್‌ನಲ್ಲಿ ತೆರೆದ ಎರಡೇ ದಿನಕ್ಕೆ ಮುಚ್ಚಿದ್ದೂ ನಡೆಯುವವರ ಹೆಜ್ಜೆಗೆ ಅಲ್ಲಾಡಿದ್ದಕ್ಕೇ, ಅದು ಅಡ್ಡಡ್ಡ ತೂಗಾಡಿತ್ತು ಅಷ್ಟೇ.

ಊರ ಹಿರಿಯರಿಗೆ ಹೇಳಿದೆ. "ಏನ್ ಸ್ವಾಮಿ, ದೇವ್ರು ಬರೋವಾಗ ತಮಟೆ ನಿಲ್ಸದಾ?" ಅಂದರು. ಅರ್ಧ ವೇಗದಲ್ಲಿ ಬಡಿಯುತ್ತೇವೆ ಅಂತ ತಮಟೆಯವರೇ ಒಂದು ದಾರಿ ಹೇಳಿದರು. ಬೇಡ ಅಂದೆ. ಉಯ್ಯಾಲೆಯನ್ನು ಒಂದು ಸಲ ಬಿಟ್ಟು ಒಂದು ಸಲ ತಳ್ಳಿದರೂ ಅದು ತೂಗುತ್ತದೆ ತಾನೆ, ಇದೂ ಹಾಗೇ. ಕೊನೆಗೆ ಅವರವರೇ ತೀರ್ಮಾನಿಸಿದರು. ತಮಟೆಯವರು ಮೊದಲೇ ದಾಟಿ ಆಚೆ ದಡದಲ್ಲಿ ಸುಮ್ಮನೆ ನಿಲ್ಲುವುದು, ಪಲ್ಲಕ್ಕಿ ಕಹಳೆಯ ಜೊತೆ ಮಾತ್ರ ಬರುವುದು. ಕಹಳೆಗೆ ಬಡಿತವಿಲ್ಲ, ಹೆಜ್ಜೆ ತಾನಾಗಿ ಚದುರುತ್ತದೆ. ನನಗೆ ಇದು ಹೊಳೆದೇ ಇರಲಿಲ್ಲ.

ಮೂರನೇ ಜಾತ್ರೆಯಲ್ಲಿ ಪಲ್ಲಕ್ಕಿ ದಾಟುವಾಗ 0.4 ಬಂತು. ಆಚೆ ದಡ ಮುಟ್ಟಿದ್ದೇ ತಡ, ಹುಡುಗರು ಬಾಕಿ ಇದ್ದ ಕುಣಿತವನ್ನೆಲ್ಲ ಅಲ್ಲೇ ತೀರಿಸಿದರು. ಅಲ್ಲಿ ನಾನು ಸೆನ್ಸರ್ ಇಟ್ಟಿರಲಿಲ್ಲ.