ಅಡುಗೆಮನೆ ಟೇಬಲ್ಲಿನ ಮೇಲೆ ಮುಗಿಸಿದ ಕ್ರಿಮಿನಲ್ ಜಸ್ಟಿಸ್ ಡಿಗ್ರಿ: ನನ್ನ ಅನುಭವ

ನನ್ನ ಡಿಗ್ರಿ ಶುರುವಾಗಿದ್ದು 2020ರ ಜನವರಿಯಲ್ಲಿ, ಮುಗಿದಿದ್ದು 2023ರ ಡಿಸೆಂಬರಿನಲ್ಲಿ. ಈ ನಾಲ್ಕು ವರ್ಷದಲ್ಲಿ ನಾನು ಓದಿದ ಕಾಲೇಜಿನ ಗೇಟನ್ನೂ ನೋಡಲಿಲ್ಲ. ಅದು ಇರುವುದು ಅಮೆರಿಕದ ಪೂರ್ವ ಕರಾವಳಿಯಲ್ಲಿ, ನಾವಿರುವುದು ಅರಿಜೋನಾದ ಫೀನಿಕ್ಸ್ ಪಕ್ಕ. ಓದಿದ್ದೆಲ್ಲ ಮಗಳು ಮಲಗಿದ ಮೇಲೆ, ಅಡುಗೆಮನೆಯ ಟೇಬಲ್ಲಿನ ಮೇಲೆ. ವಿಷಯ ಕ್ರಿಮಿನಲ್ ಜಸ್ಟಿಸ್. ಅಂದರೆ ಪೊಲೀಸು, ಕೋರ್ಟು, ಜೈಲು ಇವು ಮೂರೂ ಹೇಗೆ ನಡೆಯುತ್ತವೆ ಅನ್ನುವ ಓದು. ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ, "ಅಯ್ಯೋ, ಈ ವಯಸ್ಸಲ್ಲಿ ಪೊಲೀಸ್ ಆಗ್ತೀಯೇನೇ?" ಅಂದಳು.

ಆಗಲ್ಲ. ಈ ಗೊಂದಲ ಅಮ್ಮನಿಗೆ ಮಾತ್ರ ಅಲ್ಲ, ಇಲ್ಲಿನ ನಮ್ಮ ಕನ್ನಡದ ಗೆಳತಿಯರಿಗೂ ಇತ್ತು. ಅರಿಜೋನಾದಲ್ಲಿ ಪೊಲೀಸ್ ಆಗೋದಕ್ಕೆ ಡಿಗ್ರಿಯೇ ಬೇಕು ಅಂತಿಲ್ಲ. ಹೈಸ್ಕೂಲ್ (ಇಲ್ಲಿ ಅದು 12ನೇ ಕ್ಲಾಸಿನವರೆಗೆ) ಮುಗಿದಿರಬೇಕು, 21 ತುಂಬಿರಬೇಕು, ಅಮೆರಿಕದ ಪೌರತ್ವ ಇರಬೇಕು. ಆಮೇಲೆ ಅಕಾಡೆಮಿಯಲ್ಲಿ ತರಬೇತಿ. ಡಿಗ್ರಿ ಕೇಳುವುದು ಪ್ರೊಬೇಷನ್ ಆಫೀಸರ್‌ನಂಥ ಕೆಲಸಕ್ಕೆ, ಅಂದರೆ ಕೋರ್ಟು ಜೈಲಿಗೆ ಹಾಕದೆ ಷರತ್ತಿನ ಮೇಲೆ ಹೊರಗೆ ಬಿಟ್ಟವರ ಮೇಲೆ ಕಣ್ಣಿಡುವ ಕೆಲಸ. ಇನ್ನು ಎಫ್‌ಬಿಐ ಥರದ ಕೇಂದ್ರದ ಕೆಲಸಗಳಿಗೆ ಗ್ರೀನ್ ಕಾರ್ಡ್ (ಕಾಯಂ ವಾಸದ ಅನುಮತಿ) ಸಾಲದು, ಪೌರತ್ವವೇ ಬೇಕು. ನನಗೆ ಕೋರ್ಟಿನ ಕಡೆ ಒಲವಿತ್ತು, ಹಾಗಾಗಿ ಈ ಓದು ಹೊಂದಿತು. ಸೇರುವ ಮುಂಚೆ ಯಾವ ಕೆಲಸ ಬೇಕು ಅಂತ ನೋಡಿಕೊಂಡು, ಆ ಕೆಲಸದ ಜಾಹೀರಾತು ತೆಗೆದು ಓದಿ. ಕಾಲೇಜಿನ ಜಾಹೀರಾತಲ್ಲ!

ನನ್ನ ಕಥೆ ಚಿಕ್ಕದು. ಊರಲ್ಲಿ ಬಿ.ಎ. ಎರಡನೇ ವರ್ಷ ಪಾಸಾದ ಮೇಲೆ ಮದುವೆಯಾಯಿತು, ಓದು ಅಲ್ಲಿಗೇ ನಿಂತಿತು. 2008ರಲ್ಲಿ ಎಚ್-4 ವೀಸಾದಲ್ಲಿ, ಅಂದರೆ ಗಂಡನ ಕೆಲಸದ ವೀಸಾ ಮೇಲೆ ಹೆಂಡತಿಗೆ ಸಿಗುವ ವೀಸಾದಲ್ಲಿ, ಇಲ್ಲಿಗೆ ಬಂದೆ. ಎಚ್-4ರಲ್ಲಿ ಓದಬಹುದು, ಅದಕ್ಕೆ ಬೇರೆ ವೀಸಾ ಬೇಡ. ಇದು ನನಗೆ ಎಷ್ಟೋ ವರ್ಷ ಗೊತ್ತೇ ಇರಲಿಲ್ಲ. ಆದರೆ ಸರ್ಕಾರದ ವಿದ್ಯಾರ್ಥಿ ಸಾಲ, ಸಹಾಯಧನ ಎಚ್-4ನವರಿಗೆ ಸಿಗಲ್ಲ. ಗ್ರೀನ್ ಕಾರ್ಡ್ ಬಂದಿದ್ದು 2019ರಲ್ಲಿ. ಆಗ ಸಹಾಯಧನದ ಅರ್ಜಿ ಹಾಕಿದೆ. ಮನೆಯವರ ಸಂಬಳ ನೋಡಿ ಏನೂ ಕೊಡಲಿಲ್ಲ ಅನ್ನಿ.

ಇಲ್ಲಿಯ ಬ್ಯಾಚುಲರ್ ಡಿಗ್ರಿಗೆ ಸಾಮಾನ್ಯವಾಗಿ 120 ಕ್ರೆಡಿಟ್. ಒಂದು ಕೋರ್ಸಿಗೆ 3 ಕ್ರೆಡಿಟ್, ಅಂದರೆ 40 ಕೋರ್ಸು. ಪೂರ್ತಿ 40 ಓದುವ ಹಾಗಿದ್ದರೆ ನಾನು ಈ ಕಡೆ ತಲೆಯೇ ಹಾಕುತ್ತಿರಲಿಲ್ಲ. ಹಳೇ ಬಿ.ಎ. ಅಂಕಪಟ್ಟಿ ಪ್ರಯೋಜನಕ್ಕೆ ಬರುತ್ತದೆ ಅಂತ ಗೊತ್ತಾಗಿದ್ದೇ ದೊಡ್ಡ ತಿರುವು. ಡಿಗ್ರಿ ಅರ್ಧಕ್ಕೆ ನಿಂತಿದ್ದರೂ ಪಾಸಾದ ವಿಷಯಗಳನ್ನು ಇಲ್ಲಿಯ ಲೆಕ್ಕಕ್ಕೆ ತೂಗಿ ಕೊಡುವ ಸಂಸ್ಥೆಗಳಿವೆ. ನಮ್ಮ ಕಾಲೇಜು ಯಾವ ಸಂಸ್ಥೆಯ ವರದಿ ಒಪ್ಪುತ್ತದೆ ಅಂತ ಕೇಳಿಕೊಂಡು, ಅಲ್ಲೇ ಮಾಡಿಸಬೇಕು. ಅಂಕಪಟ್ಟಿ ವಿಶ್ವವಿದ್ಯಾಲಯದಿಂದಲೇ ಮೊಹರು ಹಾಕಿದ ಲಕೋಟೆಯಲ್ಲಿ ಹೋಗಬೇಕು. ನಮ್ಮ ತಮ್ಮ ಎರಡು ದಿನ ರಜೆ ಹಾಕಿ ಓಡಾಡಿದ. ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಇಂಗ್ಲಿಷು ಎಲ್ಲ ಸೇರಿ 42 ಕ್ರೆಡಿಟ್ ಸಿಕ್ಕಿತು. ಕನ್ನಡ ಪೇಪರನ್ನೂ ಭಾಷೆಯ ಲೆಕ್ಕದಲ್ಲಿ ಹಿಡಿದರು! ಅವತ್ತು ನಮ್ಮ ಕನ್ನಡ ಮೇಷ್ಟ್ರನ್ನು ನೆನೆಸಿಕೊಂಡೆ.

ಇನ್ನೊಂದು ಹಾದಿ ಕ್ಲೆಪ್ ಪರೀಕ್ಷೆ. ಕಾಲೇಜ್ ಬೋರ್ಡ್ ಅನ್ನುವ ಸಂಸ್ಥೆ ನಡೆಸುತ್ತದೆ. ವಿಷಯವನ್ನು ಮನೆಯಲ್ಲೇ ಓದಿಕೊಂಡು ಹೋಗಿ ಒಂದೂವರೆ ಗಂಟೆ ಕಂಪ್ಯೂಟರ್ ಮುಂದೆ ಕೂತರೆ ಆಯಿತು. ಅಂಕ 20ರಿಂದ 80ರವರೆಗೆ ಇರುತ್ತದೆ, 50 ಬಂದರೆ ಸಾಮಾನ್ಯವಾಗಿ ಕ್ರೆಡಿಟ್ ಕೊಡುತ್ತಾರೆ. ನಾನು ನಾಲ್ಕು ಬರೆದೆ. ಸಮಾಜಶಾಸ್ತ್ರ, ಮನಶ್ಶಾಸ್ತ್ರ ಸಲೀಸು. ಬೀಜಗಣಿತಕ್ಕೆ ಮಗಳ ಮನೆಪಾಠದ ಟೀಚರನ್ನೇ ಹಿಡಿದುಕೊಂಡೆ. ಅಮೆರಿಕದ ಸರ್ಕಾರ ಅನ್ನುವ ವಿಷಯ ಮಾತ್ರ ಬೆವರಿಳಿಸಿತು, 51ಕ್ಕೆ ಪಾರಾದೆ. ಒಟ್ಟು 12 ಕ್ರೆಡಿಟ್. ನಮ್ಮ ಕಾಲೇಜಿನಲ್ಲಿ ಕ್ರೆಡಿಟ್ಟಿಗೆ 340 ಡಾಲರ್ ಇತ್ತು, ನಾಲ್ಕು ಸಾವಿರ ಡಾಲರ್ ಉಳಿಯಿತು ಅಂತಲೇ ಲೆಕ್ಕ. ಉಳಿದಿದ್ದು 66 ಕ್ರೆಡಿಟ್, 22 ಕೋರ್ಸು.

ಒಂದು ಮಾತು. ಈ ಲೆಕ್ಕವನ್ನೆಲ್ಲ ದುಡ್ಡು ಕಟ್ಟುವ ಮೊದಲೇ ಕಾಲೇಜಿನಿಂದ ಬರವಣಿಗೆಯಲ್ಲಿ ತರಿಸಿಕೊಳ್ಳಿ. ನಾನು ಮೊದಲು ಮಾತಾಡಿದ ಬೇರೊಂದು ಕಾಲೇಜಿನವರು ಫೋನಿನಲ್ಲಿ "ಎಲ್ಲ ಆಗುತ್ತೆ, ಸೇರಿಕೊಳ್ಳಿ" ಅಂದರು. ಇಮೇಲ್ ಮಾಡಿ ಅಂದರೆ ಮಾಡಲಿಲ್ಲ. ದಿನಕ್ಕೆ ನಾಲ್ಕು ಸಲ ಫೋನು ಮಾತ್ರ ಬರುತ್ತಿತ್ತು. ಅಲ್ಲಿಗೆ ಬಿಟ್ಟೆ. ಕಾಲೇಜಿಗೆ ಮಾನ್ಯತೆ ಇದೆಯಾ ಅನ್ನೋದನ್ನೂ ಅವರ ಬಾಯಿಂದ ಕೇಳಬೇಡಿ. ಅಮೆರಿಕದ ಶಿಕ್ಷಣ ಇಲಾಖೆಯ ವೆಬ್‌ಸೈಟಿನಲ್ಲೇ ಹುಡುಕಬಹುದು, ಎರಡು ನಿಮಿಷದ ಕೆಲಸ.

ಓದು ಶುರುವಾದ ಮೇಲೆ ಮೊದಲ ಪೆಟ್ಟು ಬಿದ್ದಿದ್ದು ಬರವಣಿಗೆಯಲ್ಲಿ. ನಾವೆಲ್ಲ ಗೈಡು ನೋಡಿ, ಬಾಯಿಪಾಠ ಮಾಡಿ ಬರೆದು ಪಾಸಾದವರು ಅಲ್ವಾ? ಮೊದಲ ಪ್ರಬಂಧವನ್ನೂ ಹಾಗೇ ಬರೆದೆ, ಪುಸ್ತಕದ ಸಾಲುಗಳನ್ನು ಅಲ್ಲಲ್ಲಿ ಒಂದೆರಡು ಪದ ಬದಲಿಸಿ ಜೋಡಿಸಿದ್ದೆ. ಕಾಲೇಜಿನ ಸಾಫ್ಟ್‌ವೇರು ಶೇಕಡಾ 38 ನಕಲು ಅಂತ ಕೆಂಪು ಬಣ್ಣದಲ್ಲಿ ತೋರಿಸಿತು. ಪ್ರೊಫೆಸರ್ ಬೈಯಲಿಲ್ಲ. "ಪುಸ್ತಕ ಮುಚ್ಚಿಟ್ಟು, ಓದಿದ್ದನ್ನು ಯಾರಿಗಾದರೂ ಹೇಳಿ, ಆಮೇಲೆ ಬರೆಯಿರಿ" ಅಂತ ಒಂದು ಸಾಲು ಬರೆದಿದ್ದರು. ಅಂದಿನಿಂದ ನಾನು ಪಾತ್ರೆ ತೊಳೆಯುತ್ತಾ ಮನೆಯವರಿಗೆ ಕನ್ನಡದಲ್ಲಿ ಪಾಠ ಹೇಳುತ್ತಿದ್ದೆ, ಅದಾದ ಮೇಲೆ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಪಾಪ, ಅವರು ಇಂಟೆಲ್ ಚಿಪ್ಪಿನ ಮಧ್ಯೆ ಇಡೀ ದಿನ ಕಳೆದು ಬಂದು ನನ್ನಿಂದ ಜೈಲಿನ ಚರಿತ್ರೆ ಕೇಳಬೇಕಿತ್ತು.

ಎರಡನೇ ಪೆಟ್ಟು ಗಡಿಯಾರದ್ದು. ಪ್ರತಿ ವಾರದ ಕೆಲಸ ಭಾನುವಾರ ರಾತ್ರಿ 11:59ರೊಳಗೆ ಕಳಿಸಬೇಕು, ಆದರೆ ಅದು ಪೂರ್ವ ಕರಾವಳಿಯ ಟೈಮು. ನಮಗೆ 9:59. ಅರಿಜೋನಾದಲ್ಲಿ ಬೇಸಿಗೆಗೆ ಗಡಿಯಾರ ಮುಂದೆ ತಿರುಗಿಸುವ ಪದ್ಧತಿ ಇಲ್ಲ, ಉತ್ತರದ ನವಾಹೊ ಅನ್ನುವ ಮೂಲನಿವಾಸಿಗಳ ಸೀಮೆಯವರನ್ನು ಬಿಟ್ಟು. 2020ರ ಮಾರ್ಚ್ 8, ಭಾನುವಾರ. ಅವತ್ತು ಬೆಳಗಿನ ಜಾವ ಪೂರ್ವದವರು ಒಂದು ಗಂಟೆ ಮುಂದೆ ಹೋಗಿದ್ದರು. ನಾನು ಎಂದಿನಂತೆ ಅನ್ನ ಸಾರು ಮುಗಿಸಿ, ನಿಧಾನಕ್ಕೆ ಕೂತು, 9:40ಕ್ಕೆ ಕಳಿಸಿದೆ. ಅಲ್ಲಿ ಆಗಲೇ ಸೋಮವಾರ, 12:40. ನಲವತ್ತೊಂದು ನಿಮಿಷ ತಡ, ಹತ್ತು ಪರ್ಸೆಂಟ್ ಅಂಕ ಹೋಯಿತು. ಮಾರನೇ ದಿನ ಅಂಗಡಿಯಿಂದ ಒಂದು ಗೋಡೆ ಗಡಿಯಾರ ತಂದು, ಕಾಲೇಜಿನ ಟೈಮಿಟ್ಟು ಫ್ರಿಜ್ಜಿನ ಮೇಲೆ ಒರಗಿಸಿದೆ. ಈಗಲೂ ಅಲ್ಲೇ ಇದೆ, ಸೆಲ್ ಸತ್ತಿದೆ.

ಆ ವಾರವೇ ಕೊರೊನಾ ಬಂದು ಎಲ್ಲರ ಶಾಲೆಯೂ ಟೇಬಲ್ಲಿಗೆ ಬಂತು. ಅದನ್ನು ಬಿಡಿ, ಎಲ್ಲರ ಮನೆಯದೂ ಅದೇ ಕಥೆ.

ಪರೀಕ್ಷೆಯ ವಿಷಯ ಹೇಳಲೇಬೇಕು. ಸಂಖ್ಯಾಶಾಸ್ತ್ರದ ಪರೀಕ್ಷೆ ಕ್ಯಾಮೆರಾ ಮುಂದೆ. ಶುರು ಮಾಡುವ ಮೊದಲು ಲ್ಯಾಪ್‌ಟಾಪ್ ಎತ್ತಿ ಕೋಣೆಯ ನಾಲ್ಕೂ ಗೋಡೆ, ಟೇಬಲ್ಲಿನ ಕೆಳಗೆ ಎಲ್ಲ ತೋರಿಸಬೇಕು. ಬೇರೆ ಯಾರೂ ಕೋಣೆಗೆ ಬರಬಾರದು. ಆಗ ದಾವಣಗೆರೆಯಿಂದ ಅತ್ತೆ ಬಂದಿದ್ದರು. "ಅತ್ತೆ, ಎರಡು ಗಂಟೆ ಈ ಕಡೆ ಬರಬೇಡಿ" ಅಂತ ಹೇಳಿದ್ದೆ. ಬಾಗಿಲಿಗೆ ಚೀಟಿಯನ್ನೂ ಅಂಟಿಸಿದ್ದೆ. ಒಂದು ಗಂಟೆಗೆಲ್ಲ ಬಾಗಿಲು ತೆರೆಯಿತು. "ಎಷ್ಟು ಹೊತ್ತಿಂದ ಖಾಲಿ ಹೊಟ್ಟೇಲಿ ಕೂತಿದೀಯಮ್ಮ" ಅಂತ ಒಂದು ತಟ್ಟೆ ಮಂಡಕ್ಕಿ, ಮಿರ್ಚಿ! ನಾನು ಅಲ್ಲಾಡಲಿಲ್ಲ, ಕಣ್ಣೂ ತಿರುಗಿಸಲಿಲ್ಲ. ಅವರು ತಟ್ಟೆ ಇಟ್ಟು, ಪರದೆಯ ಮೇಲೆ ನನ್ನ ಮುಖ ನೋಡಿ, "ವಿಡಿಯೊ ಕಾಲಾ? ಯಾರು?" ಅಂತ ಬಗ್ಗಿ ಕೈಬೀಸಿದರು. ಪರೀಕ್ಷೆಗೆ ಅನುಮಾನದ ಗುರುತು ಬಿತ್ತು. ವಿವರಣೆ ಬರೆದು ಕೊಡಬೇಕಾಯಿತು. ಪ್ರೊಫೆಸರ್ ವಿಡಿಯೊ ನೋಡಿ ಅಂಕ ಉಳಿಸಿದರು, ಜೊತೆಗೆ ತಟ್ಟೆಯಲ್ಲಿ ಇದ್ದಿದ್ದೇನು ಅಂತಲೂ ಕೇಳಿದರು.

ಇಷ್ಟೆಲ್ಲ ಒದ್ದಾಡಿದ್ದು ಏತಕ್ಕೆ ಅಂದರೆ, ಓದು ಅಷ್ಟು ಚೆನ್ನಾಗಿತ್ತು. ನಾನು ಕಳ್ಳರು, ಕೊಲೆಗಾರರ ಬಗ್ಗೆ ಓದುತ್ತೇನೆ ಅಂದುಕೊಂಡು ಸೇರಿದವಳು. ಓದಿದ್ದು ಹೆಚ್ಚಾಗಿ ಪೊಲೀಸರ ಮತ್ತು ಜಡ್ಜುಗಳ ಕೈ ಕಟ್ಟಿಹಾಕುವ ನಿಯಮಗಳ ಬಗ್ಗೆ. ಅದರಲ್ಲೂ ಎರಡು ದೊಡ್ಡ ಕೇಸುಗಳು ನಮ್ಮ ಅರಿಜೋನಾದವೇ. ಒಂದು 1966ರ ಮಿರಾಂಡಾ ಕೇಸು, ಹಕ್ಕು ತಿಳಿಸದೆ ಪೊಲೀಸರು ತಪ್ಪೊಪ್ಪಿಗೆ ಪಡೆದಿದ್ದ ಆರೋಪಿಯದು. ಹಿಡಿದ ಮೇಲೆ "ಸುಮ್ಮನಿರುವ ಹಕ್ಕು ನಿನಗಿದೆ" ಅಂತ ಪೊಲೀಸರು ಹೇಳುವುದು ಅದರಿಂದ ಬಂದಿದ್ದು. ಜಾಸ್ತಿ ಜನಕ್ಕೆ ಗೊತ್ತಿಲ್ಲದ್ದು ಏನಂದರೆ, ಮಿರಾಂಡಾ ಅದರಿಂದ ಬಿಡುಗಡೆಯಾಗಲಿಲ್ಲ. ತಪ್ಪೊಪ್ಪಿಗೆಯನ್ನು ಪಕ್ಕಕ್ಕಿಟ್ಟು ಮತ್ತೆ ವಿಚಾರಣೆ ಮಾಡಿ, ಮತ್ತೆ ಶಿಕ್ಷೆ ಕೊಟ್ಟರು.

ಇನ್ನೊಂದು ಗಾಲ್ಟ್ ಕೇಸು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮಲ್ಲಿಂದ ಪೂರ್ವಕ್ಕೆ ಒಂದೂವರೆ ಗಂಟೆ ದಾರಿ, ಗೀಲಾ ಕೌಂಟಿ (ನಮ್ಮ ಕಡೆಯ ಜಿಲ್ಲೆ ಇದ್ದ ಹಾಗೆ). 1964ರ ಜೂನ್. ಗಾಲ್ಟ್ ಅನ್ನುವ 15 ವರ್ಷದ ಹುಡುಗ ಪಕ್ಕದ ಮನೆಯಾಕೆಗೆ ಫೋನ್ ಮಾಡಿ ಕೆಟ್ಟದಾಗಿ ಮಾತಾಡಿದ ಅಂತ ದೂರು. ಅಪ್ಪ ಅಮ್ಮ ಕೆಲಸಕ್ಕೆ ಹೋದಾಗ ಹುಡುಗನನ್ನು ಕರೆದುಕೊಂಡು ಹೋದರು. ಮನೆಯಲ್ಲಿ ಒಂದು ಚೀಟಿಯನ್ನೂ ಇಡಲಿಲ್ಲ. ಸಂಜೆ ತಾಯಿ ಬಂದು ಮಗ ಎಲ್ಲಿ ಅಂತ ಹುಡುಕಬೇಕಾಯಿತು. ವಕೀಲರಿಲ್ಲ. ದೂರು ಕೊಟ್ಟಾಕೆ ಕೋರ್ಟಿಗೇ ಬರಲಿಲ್ಲ. ನಡೆದ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ. ತೀರ್ಪು: 21 ವರ್ಷ ಆಗುವವರೆಗೆ, ಅಂದರೆ ಆರು ವರ್ಷದವರೆಗೂ, ಸುಧಾರಣಾ ಶಾಲೆಯಲ್ಲಿ ಇಡಬಹುದು. ಅದೇ ತಪ್ಪನ್ನು ದೊಡ್ಡವರು ಮಾಡಿದ್ದರೆ ಹೆಚ್ಚೆಂದರೆ 50 ಡಾಲರ್ ದಂಡ, ಇಲ್ಲವೇ ಎರಡು ತಿಂಗಳು ಜೈಲು! ಸುಪ್ರೀಂ ಕೋರ್ಟು 1967ರಲ್ಲಿ ಇದು ಸಲ್ಲದು ಅಂದಿತು. ಮಕ್ಕಳಿಗೂ ವಕೀಲರು ಬೇಕು, ಆರೋಪ ಏನು ಅಂತ ಮುಂಚೆಯೇ ತಿಳಿಸಬೇಕು, ದೂರು ಕೊಟ್ಟವರನ್ನು ಪ್ರಶ್ನಿಸಲು ಬಿಡಬೇಕು ಅಂತ ಹೇಳಿತು. ನನ್ನ ಕೊನೆಯ ದೊಡ್ಡ ಪ್ರಬಂಧ ಇದರ ಮೇಲೆಯೇ. ಬರೆಯುವ ಮುಂಚೆ ಒಂದು ಶನಿವಾರ ಮನೆಯವರನ್ನು ಎಬ್ಬಿಸಿಕೊಂಡು ಆ ಹುಡುಗನ ಊರಿಗೆ, ಗ್ಲೋಬಿಗೆ, ಹೋಗಿ ಬಂದೆ. ಹಳೇ ತಾಮ್ರದ ಗಣಿ ಊರು. ನೋಡೋದಕ್ಕೆ ಏನೂ ಇಲ್ಲ, ಸುಮ್ನೆ ಬೀದಿ ಸುತ್ತಿ ಬಂದೆವು.

ಮನೆಯವರಿಗೆ ಹಿಡಿಸಿದ್ದು ಕನ್ಸಾಸ್ ಸಿಟಿಯ ಪ್ರಯೋಗ. 1972–73ರಲ್ಲಿ ಅಲ್ಲಿನ ಪೊಲೀಸರು 15 ಬೀಟುಗಳನ್ನು, ಅಂದರೆ ಗಸ್ತಿನ ಪ್ರದೇಶಗಳನ್ನು, ಮೂರು ಪಾಲು ಮಾಡಿದರು. ಐದರಲ್ಲಿ ಗಸ್ತನ್ನೇ ನಿಲ್ಲಿಸಿ, ಕರೆ ಬಂದರೆ ಮಾತ್ರ ಹೋಗುವುದು. ಐದರಲ್ಲಿ ಎಂದಿನಂತೆ. ಇನ್ನೈದರಲ್ಲಿ ಎರಡು ಮೂರು ಪಟ್ಟು ಗಸ್ತು. ವರ್ಷದ ಕೊನೆಗೆ ನೋಡಿದರೆ ಅಪರಾಧದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಗಸ್ತು ಜಾಸ್ತಿಯಾಗಿದ್ದು, ಕಮ್ಮಿಯಾಗಿದ್ದು ಜನಕ್ಕೆ ಗೊತ್ತೇ ಆಗಿರಲಿಲ್ಲ. "ಹಾಗಾದ್ರೆ ನಮ್ಮೂರಲ್ಲಿ ಬೀಟ್ ಪುಸ್ತಕಕ್ಕೆ ಸೈನ್ ಹಾಕಿ ಹೋಗ್ತಿದ್ದೋರು?" ಅಂದರು. ಗೊತ್ತಿಲ್ಲ ರೀ, ದಾವಣಗೆರೆಯಲ್ಲಿ ಯಾರೂ ಪ್ರಯೋಗ ಮಾಡಿಲ್ಲ ಅಂದೆ. ಒಂದು ಪ್ರಯೋಗದಿಂದ ಎಲ್ಲ ಊರಿಗೂ ತೀರ್ಮಾನ ಹೇಳಬಾರದು ಅಂತ ಅದೇ ಕೋರ್ಸಿನಲ್ಲಿ ಕಲಿತಿದ್ದೆ.

ಜೊತೆಯಲ್ಲಿ ಓದಿದವರಿಂದಲೂ ಕಲಿತೆ. ಒಬ್ಬರು ಜೈಲಿನಲ್ಲಿ ರಾತ್ರಿ ಪಾಳಿಯ ಕಾವಲು, ಬೆಳಗಿನ ಜಾವ ಮೂರಕ್ಕೆ ಉತ್ತರ ಬರೆಯುತ್ತಿದ್ದರು. ಕೈದಿಗಳ ಎಣಿಕೆಯಲ್ಲಿ ಒಂದು ತಲೆ ತಪ್ಪಿದರೂ ಇಡೀ ಜೈಲು ಹೇಗೆ ನಿಲ್ಲುತ್ತದೆ ಅಂತ ಅವರು ಬರೆದ ಹತ್ತು ಸಾಲು ನಮ್ಮ ಪಠ್ಯದ ಇಡೀ ಅಧ್ಯಾಯಕ್ಕಿಂತ ಚೆನ್ನಾಗಿತ್ತು.

2021ರಲ್ಲಿ, ಡಿಗ್ರಿ ಅರ್ಧ ಆದಾಗಲೇ, ಪಕ್ಕದ ಊರಿನ ನಗರ ಕೋರ್ಟಿನಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತು. ಆ ಕೆಲಸಕ್ಕೆ ಡಿಗ್ರಿ ಕೇಳಿರಲಿಲ್ಲ, ಆದರೆ ಸಂದರ್ಶನದಲ್ಲಿ ಓದುತ್ತಿದ್ದೇನೆ ಅಂದಿದ್ದಕ್ಕೆ ಬೆಲೆ ಇತ್ತು. ಸಿ ಗ್ರೇಡಿನ ಮೇಲೆ ಬಂದರೆ ಫೀಸು ವಾಪಸು ಕೊಡುತ್ತಾರೆ ಅನ್ನೋದು ಸೇರಿದ ಮೇಲೆ ಗೊತ್ತಾಯಿತು. ಹೀಗೆ ಕೊಡುವ ಹಣದಲ್ಲಿ ವರ್ಷಕ್ಕೆ 5,250 ಡಾಲರಿನವರೆಗೆ ತೆರಿಗೆ ಇಲ್ಲ. ಎಲ್ಲಿ ಕೆಲಸ ಮಾಡುತ್ತಿದ್ದರೂ ಈ ಸೌಲಭ್ಯ ಇದೆಯಾ ಅಂತ ಮೊದಲು ಕೇಳಿ. ನಾನು ಮೊದಲೇ ಕೆಲಸಕ್ಕೆ ಸೇರಿ ಆಮೇಲೆ ಓದಿದ್ದರೆ ಪೂರ್ತಿ ದುಡ್ಡು ಉಳಿಯುತ್ತಿತ್ತು.

ಪ್ರೊಬೇಷನ್ ಆಫೀಸಿಗೆ ಅರ್ಜಿ ಹಾಕಿದ್ದೇನೆ, ನೋಡಬೇಕು. ಸದ್ಯಕ್ಕೆ ಕೋರ್ಟಿನ ಕಿಟಕಿಯೇ ನನ್ನ ಜಾಗ. ಹೋದ ವಾರ ಒಬ್ಬ ಹುಡುಗ ಬಂದಿದ್ದ, ಹತ್ತೊಂಬತ್ತು ಇಪ್ಪತ್ತು ಇರಬಹುದು. "ತಪ್ಪು ಒಪ್ಪಿಕೊಳ್ಳಲಾ ಬೇಡ್ವಾ, ನೀವೇ ಹೇಳಿ ಮೇಡಂ" ಅನ್ನುವ ಥರ ಇಂಗ್ಲಿಷಿನಲ್ಲಿ ಕೇಳಿದ. ನಾವು ಕಾನೂನು ಸಲಹೆ ಕೊಡುವಂತಿಲ್ಲ, ಕೊಟ್ಟರೆ ಕೆಲಸ ಹೋಗುತ್ತದೆ. ಆದರೆ ವಕೀಲರಿಗೆ ಕೊಡಲು ದುಡ್ಡಿಲ್ಲದವರು ಸರ್ಕಾರದ ಖರ್ಚಿನಲ್ಲಿ ತಮ್ಮ ಪರ ವಕೀಲರನ್ನು ಕೇಳುವ ಅರ್ಜಿ ಇದೆ ಅಂತ ಹೇಳಬಹುದು. ಗಿಡಿಯನ್ ಅನ್ನುವ ಕೈದಿ ಫ್ಲಾರಿಡಾದ ಜೈಲಿನಿಂದ ಪೆನ್ಸಿಲ್ಲಿನಲ್ಲಿ ಬರೆದ ಅರ್ಜಿಗೆ 1963ರಲ್ಲಿ ಸಿಕ್ಕ ತೀರ್ಪಿನಿಂದ ಬೆಳೆದು ಬಂದ ಹಕ್ಕು ಅದು. ಹುಡುಗನಿಗೆ ಅದೆಲ್ಲ ಹೇಳಲಿಲ್ಲ. ಅರ್ಜಿಯನ್ನು ಕಿಟಕಿಯಿಂದ ಆಚೆ ತಳ್ಳಿದೆ. ಪೆನ್ನಿಲ್ಲ ಅಂದ. ನನ್ನದೇ ಕೊಟ್ಟೆ. ಮೂಲೆಯ ಬೆಂಚಿನಲ್ಲಿ ಕೂತು ಕಾಲು ಗಂಟೆ ತುಂಬಿಸಿದ, ಅರ್ಜಿ ತಂದುಕೊಟ್ಟ, ಪೆನ್ನು ಜೇಬಿಗಿಟ್ಟುಕೊಂಡು ಹೋದ.